ಅನುಕೂಲಸ್ಥರ ಮನೆ

"ಇನ್ನೊಂದ್ಸಲ ಓದು," ಎಂದಳು ಅಮ್ಮ.

ಮಗಳು ಕಾಗದವನ್ನು ಮೇಜಿನ ಮೇಲೆ ಬಡಿದಳು. ಬಡಿಯುವುದಕ್ಕೆ ಅಲ್ಲಿ ಜಾಗವೇನೋ ಧಾರಾಳವಾಗಿತ್ತು. ಆ ಮೇಜಿನ ಮೇಲೆ ಯಾವತ್ತೂ ಏನೂ ಇರುವುದಿಲ್ಲ. ಬೇರೆಯವರ ಮನೆಯ ಮೇಜಿನ ಮೇಲೆ ಬೀಗದ ಕೈ, ಮಾತ್ರೆ ಚೀಟಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಹಳೆಯ ಬಿಲ್ಲು, ಏನಾದರೊಂದು ಬಿದ್ದಿರುತ್ತದೆ. ಈ ಮನೆಯಲ್ಲಿ ಮೇಜು ಎಂದರೆ ಬರೀ ಮೇಜು.

"ಇದೇನು ಬಹುಮಾನ ಬಂದಿರೋ ಪತ್ರನಾ, ಎರಡೆರಡು ಸಲ ಓದೋಕೆ? ಆಗಲ್ಲ ಅಂತ ಬರ್ದಿದಾರಮ್ಮ ನೆರವು ನಿಧಿಯವರು. ನಿನ್ನ ಮೊಣಕಾಲಿನ ಆಪರೇಷನ್ನಿಗೆ ನೆರವು ಕೊಡಲ್ಲ ಅಂತ."

"ಅದು ಗೊತ್ತಾಯ್ತು ಬಿಡು. ಆ ಮಧ್ಯದ್ದು ಓದು. ಹಾಸಿಗೆ ಬಗ್ಗೆ ಏನೋ ಇತ್ತಲ್ಲ, ಅದು."

ಮಗಳು ಹಲ್ಲು ಕಚ್ಚಿಕೊಂಡು ಓದಿದಳು. "ಪರಿಶೀಲನೆಯ ವೇಳೆ ಅರ್ಜಿದಾರರ ಮನೆಯಲ್ಲಿ ಕಂಡುಬಂದ ಅಂಶಗಳು: ಸುಕ್ಕಿಲ್ಲದ ಶುಭ್ರ ಬಿಳಿ ಹಾಸಿಗೆ, ಸಾಲಾಗಿ ಮಡಿಸಿಟ್ಟ ಬಿಳಿ ಟವೆಲುಗಳು, ಹೂದಾನಿ, ಬಂದವರಿಗೆ ನೀರು ಕೊಡಲು ಗಾಜಿನ ಲೋಟ ಮತ್ತು ಅದರಡಿಗೆ ತಟ್ಟೆ, ಅನಗತ್ಯ ವಸ್ತುಗಳಿಲ್ಲದ ವಿಶಾಲವಾದ ಕೋಣೆ. ಇವುಗಳನ್ನು ಗಮನಿಸಿದರೆ ಕುಟುಂಬವು ಅನುಕೂಲಸ್ಥರದೆಂದು ತೋರುವುದರಿಂದ ಅರ್ಜಿಯನ್ನು ಪರಿಗಣಿಸಲು ಸಾಧ್ಯವಾಗಿಲ್ಲ."

"ವಿಶಾಲವಾದ ಕೋಣೆ!" ಅಮ್ಮನ ಮುಖ ಅರಳಿತು. "ಹತ್ತಡಿಗೆ ಹತ್ತಡಿ ಇಲ್ಲ ಇದು. ಮೇಜನ್ನ ಕಿಟಕಿ ಕಡೆ ತಿರುಗಿಸಿದ್ದಕ್ಕೆ ಹಾಗೆ ಕಂಡಿದೆ. ನಾನವತ್ತೇ ಹೇಳ್ಲಿಲ್ವಾ? ನೀನೇ ಬೇಡ ಬೇಡ ಅಂದೆ."

ಇಂಥವಳ ಜೊತೆ ಏನು ಮಾತಾಡುವುದು? ಮಗಳು ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಅಮ್ಮ ಮೂವತ್ತೊಂದು ವರ್ಷ ಒಂದು ದೊಡ್ಡ ಹೋಟೆಲಿನ ಏಳನೆಯ ಮಹಡಿಯಲ್ಲಿ ಕೋಣೆಗಳನ್ನು ಸಿದ್ಧಮಾಡುವ ಕೆಲಸದಲ್ಲಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಹೋಟೆಲಿನವರು ಅವಳನ್ನು ಮನೆಗೆ ಕಳಿಸಿದರು. ಅವಳು ಬಂದದ್ದೇನೋ ಸರಿ, ಬರುವಾಗ ಏಳನೆಯ ಮಹಡಿಯನ್ನೂ ಜೊತೆಗೆ ತಂದುಬಿಟ್ಟಳು. ಪತ್ರದಲ್ಲಿ ಕಂಡ ಬಿಳಿ ಹಾಸಿಗೆಯ ಹೊದಿಕೆ ಹೋಟೆಲಿನವರು ಹರಿದುಹೋಯಿತೆಂದು ಎಸೆಯಲಿಟ್ಟದ್ದು. ಟವೆಲುಗಳ ಅಂಚೆಲ್ಲ ಎಳೆ ಬಿಟ್ಟಿವೆ. ಎಳೆ ಬಿಟ್ಟ ಅಂಚು ಒಳಗೆ ಹೋಗುವ ಹಾಗೆ ಮಡಿಸುವ ಒಂದು ಕ್ರಮವಿದೆ, ಅದು ಅವಳಿಗೆ ಗೊತ್ತು. ಹೂದಾನಿ ಎಂದು ಪರಿಶೀಲನೆಗೆ ಬಂದ ಆ ಪುಣ್ಯಾತ್ಮ ಬರೆದದ್ದು ಜಾಮಿನ ಬಾಟಲಿಯನ್ನು. ಚೀಟಿಯನ್ನು ನೆನೆಹಾಕಿ ತೆಗೆದು, ಕಿಟಕಿಗೆ ತಾಗುವ ಮರದಿಂದ ಒಂದು ಚಿಗುರು ಮುರಿದು ಅದರಲ್ಲಿಟ್ಟಿದ್ದಳು. ಒಂದೇ ಚಿಗುರು. ಎರಡಿಟ್ಟರೆ ಬಡವರ ಮನೆಯಂತೆ ಕಾಣುತ್ತದೆ ಎನ್ನುವುದು ಅವಳ ಸಿದ್ಧಾಂತ. ಇನ್ನು ಕೋಣೆಯಲ್ಲಿ ಅನಗತ್ಯ ವಸ್ತುಗಳಿಲ್ಲದಿರುವುದಕ್ಕೆ ಕಾರಣ ಬಹಳ ಸರಳ. ಅಗತ್ಯ ವಸ್ತುಗಳೂ ಇರಲಿಲ್ಲ.

"ನಿನಗೆ ಅರ್ಥ ಆಗ್ತಿದೆಯಾ ಇಲ್ವಾ?" ಎಂದಳು ಮಗಳು. "ಡಾಕ್ಟರು ಏನಂದ್ರು? ಈ ವರ್ಷದೊಳಗೆ ಆಗ್ಬೇಕು ಅಂದ್ರು. ಇಲ್ಲಾಂದ್ರೆ ಆಮೇಲೆ ಮಾಡಿಯೂ ಪ್ರಯೋಜನ ಇಲ್ಲ ಅಂದ್ರು. ನೀನು ಮೆಟ್ಟಿಲು ಇಳಿದು ಎಷ್ಟು ತಿಂಗಳಾಯ್ತು?"

"ಇಳಿದು ಏನು ಮಾಡಬೇಕು? ಕೆಳಗೆ ಧೂಳು."

ನಾಲ್ಕು ತಿಂಗಳಾಗಿತ್ತು. ಮೂರು ಮಹಡಿ, ಐವತ್ತನಾಲ್ಕು ಮೆಟ್ಟಿಲು. ಔಷಧದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಮಗಳು ಊರಿಗೆಲ್ಲ ನೋವಿನ ಮಾತ್ರೆ ಕೊಡುತ್ತಾಳೆ, ಮನೆಯಲ್ಲಿ ಮಾತ್ರ ಅದು ಕೆಲಸ ಮಾಡುವುದನ್ನು ನಿಲ್ಲಿಸಿಬಿಟ್ಟಿತ್ತು. ಬೆಳಗಾದರೆ ಅಮ್ಮ ಮಂಚದಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುವ ಸದ್ದು ಅವಳಿಗೆ ಕೇಳಿಸುತ್ತದೆ. ಅಂಗೈ ಗೋಡೆಗೆ ಒತ್ತುವ ಸದ್ದು, ಉಸಿರು ಹಿಡಿಯುವ ಸದ್ದು, ಮತ್ತೆ ಅಂಗೈ. ಮುಂದಿನ ವರ್ಷ ಆ ಸದ್ದೂ ಇರುವುದಿಲ್ಲ, ಅಮ್ಮ ಕುರ್ಚಿಯಲ್ಲೇ ಉಳಿದುಬಿಡುತ್ತಾಳೆ ಎಂಬ ಹೆದರಿಕೆ ಅವಳಿಗೆ ತಿಂಗಳುಗಳಿಂದ ಇತ್ತು. ಹೆದರಿಕೆಯನ್ನು ಹೇಳಿಕೊಳ್ಳಲು ಬರುವುದಿಲ್ಲವಾದ್ದರಿಂದ ಅವಳು ರೇಗುತ್ತಿದ್ದಳು.

ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು. ಅರ್ಜಿದಾರರು ಕೋರಿದಲ್ಲಿ ಒಂದು ಬಾರಿ ಮಾತ್ರ ಮರುಪರಿಶೀಲನೆ ಮಾಡಲಾಗುವುದು. ಮಗಳು ಅಂದೇ ಕೋರಿದಳು. ಶನಿವಾರ ಹನ್ನೊಂದು ಗಂಟೆಗೆ ಬರುತ್ತೇವೆಂದು ಉತ್ತರ ಬಂತು.

ವಿಷಯ ತಿಳಿದದ್ದೇ ಕೆಳಗಿನ ಮನೆಯ ರೇಡಿಯೊ ಚಿಕ್ಕಮ್ಮ ಮೇಲೆ ಹತ್ತಿ ಬಂದಳು. ಸಂಬಂಧದಲ್ಲಿ ಅವಳು ಯಾರಿಗೂ ಚಿಕ್ಕಮ್ಮನಲ್ಲ. ಮೆಟ್ಟಿಲಿನ ಬುಡದಲ್ಲಿ ಮನೆಯಿರುವುದರಿಂದ ಯಾರು ಬಂದರು ಯಾರು ಹೋದರು ಎಲ್ಲ ಅವಳಿಗೆ ಬೇಕು, ಅದನ್ನು ಸಂಜೆಯೊಳಗೆ ನಾಲ್ಕೂ ಮಹಡಿಗೆ ತಲುಪಿಸುವುದೂ ಬೇಕು. ಹೋದ ತಿಂಗಳು ಇದೇ ನಿಧಿಯವರು ಅವಳ ಪಿತ್ತಕೋಶದ ಕಲ್ಲು ತೆಗೆಸಲು ನೆರವು ಕೊಟ್ಟಿದ್ದರು. ಅವಳ ಮನೆಯಲ್ಲಿ ಗೋಡೆಯಷ್ಟು ದೊಡ್ಡ ಟೀವಿ ಇದೆ. ಕೊರಳಲ್ಲಿ ಬೆರಳು ದಪ್ಪದ ಚಿನ್ನದ ಸರವಿದೆ.

"ನಂಗೆ ಹೆಂಗೆ ಸಿಕ್ತು ಹೇಳು?" ಎಂದು ಅವಳು ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಟೀವಿ ಮೇಲೆ ಹರಿದ ಕಂಬಳಿ ಹೊದಿಸ್ದೆ. ಸರ ಅಕ್ಕಿ ಡಬ್ಬದೊಳಗೆ. ಯಾವತ್ತು ಬರ್ತಾರೋ ಅಂತ ಕೂದಲು ಮೂರು ದಿನ ಬಾಚ್ಲಿಲ್ಲ. ಆ ಮನುಷ್ಯ ಬಂದಾಗ ಒಡೆದ ಬಕೆಟ್ಟಲ್ಲಿ ಬಟ್ಟೆ ಒಗೀತಾ ಕೂತಿದ್ದೆ ನೋಡು, ಅವನ ಕಣ್ಣಲ್ಲಿ ನೀರೊಂದೇ ಬರೋದು ಬಾಕಿ."

"ನಮ್ಮ ಹತ್ರ ಒಡೆದ ಬಕೆಟ್ ಇಲ್ಲ, ಚಿಕ್ಕಮ್ಮ."

"ನಾನು ಕೊಡ್ತೀನಲ್ಲ! ಚಾಪೆ ಕೊಡ್ತೀನಿ, ಇಲಿ ಕಡಿದಿದ್ದು. ಕಾಲು ಮುರಿದ ಸ್ಟೂಲ್ ಇದೆ. ಹಳೇ ಬಟ್ಟೆ ಗಂಟು ಎರಡಿದೆ." ಚಿಕ್ಕಮ್ಮ ತಲೆಯೆತ್ತಿ ಸೂರಿನ ಮೂಲೆಗಳನ್ನು ನೋಡಿದಳು. ಅವಳ ಮುಖದಲ್ಲಿ ನಿಜವಾದ ಮರುಕ ಕಾಣಿಸಿತು. "ಅಯ್ಯೋ, ಒಂದು ಜೇಡರ ಬಲೆನೂ ಇಲ್ವಲ್ಲೇ ನಿಮ್ಮನೇಲಿ. ಹಿಂಗಾದ್ರೆ ಯಾರು ಕೊಡ್ತಾರೆ?"

ಅಮ್ಮ ಕುರ್ಚಿಯಲ್ಲಿ ಕುಳಿತೇ ಚಿಕ್ಕಮ್ಮನಿಗೆ ನೀರು ತರಿಸಿದಳು. ಗಾಜಿನ ಲೋಟ, ಅದರಡಿಗೆ ತಟ್ಟೆ. ಮಗಳಿಗೆ ಆ ತಟ್ಟೆಯನ್ನು ಕಿಟಕಿಯಿಂದಾಚೆ ಎಸೆಯಬೇಕು ಅನಿಸಿತು.

ಶನಿವಾರ ಬೆಳಗ್ಗೆ ಎಂಟಕ್ಕೆ ಕೆಲಸ ಶುರುವಾಯಿತು. ಮಗಳು ಅಂಗಡಿಗೆ ರಜೆ ಹಾಕಿದ್ದಳು. ಐವತ್ತನಾಲ್ಕು ಮೆಟ್ಟಿಲುಗಳನ್ನು ನಾಲ್ಕು ಸಲ ಹತ್ತಿ ಇಳಿದು ಚಿಕ್ಕಮ್ಮನ ದಾರಿದ್ರ್ಯವನ್ನೆಲ್ಲ ಮೇಲೆ ಸಾಗಿಸಿದಳು. ಬಕೆಟ್ಟನ್ನು ಕೋಣೆಯ ನಟ್ಟನಡುವೆ ಇಟ್ಟಳು. ಹಸಿರು ಬಕೆಟ್, ಬಾಯಿಯಿಂದ ಹೊಟ್ಟೆಯವರೆಗೆ ಸೀಳಿತ್ತು, ಸೀಳಿಗೆ ತಂತಿಯಿಂದ ಹೊಲಿಗೆ ಹಾಕಿತ್ತು, ಹಿಡಿಕೆಯ ಬದಲು ಹಳದಿ ಹಗ್ಗ. ಒಂದು ಗಂಟು ಬಿಚ್ಚಿ ಬಟ್ಟೆಗಳನ್ನು ಮೇಜಿನ ಮೇಲೆ ರಾಶಿ ಸುರಿದಳು. ಚಾಪೆ ತರಲು ಕೆಳಗೆ ಹೋಗಿ ಏದುಸಿರು ಬಿಡುತ್ತ ಬಂದರೆ, ಬಕೆಟ್ಟು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಸೀಳು ಗೋಡೆಯ ಕಡೆಗೆ, ಹಗ್ಗ ನೀಟಾಗಿ ಒಂದು ಪಕ್ಕಕ್ಕೆ. ಮೇಜಿನ ಮೇಲಿನ ಬಟ್ಟೆ ದೊಡ್ಡದು ಕೆಳಗೆ ಚಿಕ್ಕದು ಮೇಲೆ ಎಂಬಂತೆ ಮೂರು ಸಾಲಾಗಿತ್ತು.

"ಅಮ್ಮಾ!"

"ನಾನು ಮುಟ್ಟಿಲ್ಲ," ಎಂದಳು ಅಮ್ಮ. ಅವಳ ಕೈಯಲ್ಲಿ ಇನ್ನೂ ಒಂದು ಕಾಲುಚೀಲವಿತ್ತು.

"ಹಾಗಾದ್ರೆ ಬಟ್ಟೆಗಳೇ ಎದ್ದು ಮಡಿಸ್ಕೊಂಡ್ವಾ?"

"ಕೈ ತಾನಾಗಿ ಹೋಗುತ್ತೆ ಕಣೇ. ನಾನೇನ್ಮಾಡ್ಲಿ?"

ಮಗಳು ಮೂರೂ ಸಾಲುಗಳನ್ನು ಕೆಡವಿದಳು, ಬಕೆಟ್ಟನ್ನು ಮತ್ತೆ ನಟ್ಟನಡುವಿಗೆ ಎಳೆದಳು. ಚಿಗುರನ್ನು ಬಾಟಲಿಯಿಂದ ಕಿತ್ತು ಹೊರಗೆಸೆದಳು. ಟವೆಲುಗಳನ್ನು ಬಿಡಿಸಿ, ಎಳೆ ಬಿಟ್ಟ ಅಂಚು ಕಾಣುವಂತೆ ಬಾಗಿಲ ಮೇಲೆ ನೇತುಹಾಕಿದಳು. ಕೊನೆಗೆ ಮಂಚದ ಬಳಿಗೆ ಹೋಗಿ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದೆಳೆದಳು. ಅದು ಸುಲಭಕ್ಕೆ ಬರಲಿಲ್ಲ. ಮೂಲೆಗಳು ಹಾಸಿಗೆಯಡಿಗೆ ಅಷ್ಟು ಬಿಗಿಯಾಗಿ ಸೇರಿದ್ದವು. ಒಂದು ಕಾಲನ್ನು ಮಂಚಕ್ಕೆ ಒದ್ದು ಹಿಡಿದು ಎಳೆಯಬೇಕಾಯಿತು. ಹೊದಿಕೆ ಕಿತ್ತು ಬಂದಾಗ ಅಮ್ಮ ತನ್ನನ್ನೇ ಯಾರೋ ಜಗ್ಗಿದರೆಂಬಂತೆ ಮುಖ ಕಿವುಚಿದಳು.

"ಬೇಡ. ಅದೊಂದು ಬಿಡು."

"ಅದೇ ಮೊದಲ್ನೇದಾಗಿ ಬರ್ದಿದಾನೆ ಅವನು. ಸುಕ್ಕಿಲ್ಲದ ಹಾಸಿಗೆ ಅಂತ."

"ಅವನಿಗೇನು ಗೊತ್ತು?" ಅಮ್ಮನಿಗೂ ಸಿಟ್ಟು ಬಂದಿತ್ತು. "ದುಡ್ಡಿರೋರ ಗುರುತು ಏನು ಅಂತ ನನ್ನ ಕೇಳು, ಹೇಳ್ತೀನಿ. ದುಡ್ಡಿರೋರು ಹಾಸಿಗೆ ಹೀಗೆ ಇಡ್ತಾರಾ? ಒದ್ದೆ ಟವೆಲ್ ಮಂಚದ ಮೇಲೆ ಬಿಸಾಕಿ ಹೋಗ್ತಾರೆ. ದೀಪ ಆರಿಸಲ್ಲ. ಒಂದು ಗುಟುಕು ಕುಡಿದು ಬಾಟ್ಲಿ ಅಲ್ಲೇ ಬಿಡ್ತಾರೆ. ಬಂದು ಎತ್ತೋರು ಯಾರೋ ಇದಾರೆ ಅಂತ ಅವರಿಗೆ ಗೊತ್ತಿರುತ್ತೆ. ಅದೇ ಕಣೇ ಅವರ ಗುರುತು, ಇನ್ನೇನೂ ಅಲ್ಲ. ಅವರ ಕೋಣೆ ನೋಡಿದ್ರೆ ನಿಮ್ಮ ರೇಡಿಯೊ ಚಿಕ್ಕಮ್ಮನೇ ಮೂರ್ಛೆ ಹೋಗ್ತಾಳೆ."

"ಸರಿ, ಇದನ್ನ ಆ ಪರಿಶೀಲಕನಿಗೆ ಹೇಳು, ಒಪ್ತಾನೆ!"

"ಮೂವತ್ತೊಂದು ವರ್ಷ ಬೇರೆಯವರ ಗಲೀಜು ನೋಡಿದೀನಿ ನಾನು. ನನ್ನ ಗಲೀಜು ಯಾರೂ ನೋಡೋದು ಬೇಡ."

"ನಮಗೆ ಸ್ವಂತ ಗಲೀಜಾದರೂ ಎಲ್ಲಿದೆಯಮ್ಮ? ಅದಕ್ಕೂ ಕೆಳಗಿನ ಮನೆಗೆ ಹೋಗಿ ಕೈಯೊಡ್ಡಿ ಬಂದಿದೀನಲ್ಲ!" ಅಳು ಬಂದದ್ದು ಮಗಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಕೈಯಲ್ಲಿದ್ದ ಹೊದಿಕೆಯಲ್ಲೇ ಮೂಗು ಒರೆಸಿಕೊಳ್ಳಲು ಹೋಗಿ, ಅಮ್ಮ ನೋಡುತ್ತಿದ್ದಾಳೆಂದು ತೋಳಿನಲ್ಲಿ ಒರೆಸಿಕೊಂಡಳು. "ಒಂದರ್ಧ ಗಂಟೆ. ಅವನು ಬಂದು ಹೋಗೋವರೆಗೆ ಸುಮ್ನೆ ಕೂತಿರು. ಕೈ ಆಡಿಸ್ಬೇಡ, ನೀರು ಕೊಡ್ಬೇಡ, ಏನೂ ಹೇಳ್ಬೇಡ. ನಂಗೋಸ್ಕರ. ನೀನು ಮತ್ತೆ ಮೆಟ್ಟಿಲಿಳಿಯೋದು ನಾನು ನೋಡ್ಬೇಕು. ಅಷ್ಟೇ ನಾನು ಕೇಳ್ತಿರೋದು."

ಅಮ್ಮ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕುಳಿತಳು.

"ಹಿಂಗೆ ಕೂತಿರ್ತೀನಿ. ಸಾಕಾ?"

ಹನ್ನೊಂದೂ ಕಾಲಿಗೆ ಪರಿಶೀಲಕ ಬಂದ. ಮೊದಲ ಸಲ ಬಂದಿದ್ದ ಮನುಷ್ಯನೇ. ಐವತ್ತು ದಾಟಿದ ವಯಸ್ಸು, ಕಂಕುಳಲ್ಲಿ ಉಬ್ಬಿದ ಕಡತ, ಮೂರು ಮಹಡಿ ಹತ್ತಿದ್ದರಿಂದ ಅಂಗಿಯ ಬೆನ್ನು ಪೂರ್ತಿ ಒದ್ದೆ. ಬಾಗಿಲಲ್ಲಿ ನಿಂತು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಒಳಗೆ ನೋಡಿದ. ಇಲಿ ಕಡಿದ ಚಾಪೆ, ಬಟ್ಟೆಯ ರಾಶಿ, ಮುದ್ದೆಯಾದ ಹಾಸಿಗೆ, ಕೈಯ ಮೇಲೆ ಕುಳಿತ ಹೆಂಗಸು. ಅವನ ಕಣ್ಣು ಕೋಣೆಯ ನಟ್ಟನಡುವೆ ಬಂದು ನಿಂತಿತು. ಅಲ್ಲೇ ಉಳಿಯಿತು.

"ಈ ಬಕೆಟ್ಟು," ಎಂದ.

ಮಗಳು ಸೀಳನ್ನು ಅವನ ಕಡೆಗೆ ತಿರುಗಿಸಿದಳು. "ಅದು... ಒಡೆದು ಹೋಗಿದೆ ಸಾರ್. ಹೊಸದು ತಗೊಳ್ಳೋಕೆ..."

"ಗೊತ್ತು. ತಂತಿ ಹೊಲಿಗೆ, ಹಳದಿ ಹಗ್ಗ. ಹೋದ ತಿಂಗಳು ಕೆಳಗಡೆ ಮನೇಲಿ ನೋಡಿದೀನಿ. ಅದಕ್ಕೆ ಮುಂಚೆ ಪಕ್ಕದ ಬೀದೀಲಿ ಅವರ ನಾದಿನಿ ಮನೇಲಿ ನೋಡಿದೀನಿ. ನಂಗಿಂತ ಜಾಸ್ತಿ ಮನೆ ಸುತ್ತಿದೆ ಈ ಬಕೆಟ್ಟು." ಅವನು ನಗಲಿಲ್ಲ. ನಗುವಷ್ಟು ತ್ರಾಣವೂ ಅವನಲ್ಲಿ ಇದ್ದ ಹಾಗೆ ಕಾಣಲಿಲ್ಲ. "ನೀವೆಲ್ಲ ನನ್ನನ್ನ ಏನಂದ್ಕೊಂಡಿದ್ದೀರಿ? ಒಂದು ಮನೇಲಿ ಫ್ರಿಜ್ಜನ್ನ ಮಂಚದ ಕೆಳಗೆ ಮಲಗಿಸಿದ್ರು. ಇನ್ನೊಂದು ಮನೇಲಿ ಗಂಡನೇ ತೀರಿಹೋದ ಅಂತ ಹೇಳಿ, ಅವನು ಬಚ್ಚಲಲ್ಲಿ ಕೆಮ್ಮಿಬಿಟ್ಟ. ದಿನಕ್ಕೆ ಎಂಟು ಮನೆ. ಎಂಟರಲ್ಲೂ ನಾಟಕ. ನಿಜವಾಗ್ಲೂ ಇಲ್ಲದೇ ಇರೋರು ಯಾರು ಅಂತ ನಾನು ಹೇಗೆ ತಿಳ್ಕೊಳ್ಳಲಿ ಹೇಳಿ?"

"ನಾವು ನಿಜವಾಗ್ಲೂ..."

"ಮೊದಲ್ನೇ ಸಲ ನಾನು ಹೇಳದೆ ಬಂದೆ. ಅವತ್ತು ಏನು ಕಂಡಿತೋ ಅದೇ ನಿಜ. ಇವತ್ತಿಂದು ಹೇಳಿ ಬಂದಿದ್ದಕ್ಕೆ ಕಟ್ಟಿರೋ ಸೆಟ್ಟು."

ಮಗಳು ಅವನ ಮುಂದೆ ಬಾಗಿಲಿಗೆ ಅಡ್ಡ ನಿಂತಳು. ನಾಚಿಕೆಯಿಂದ ಅವಳ ಕಿವಿ ಕಾದಿತ್ತು. ಆದರೂ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಹೌದು, ಬಕೆಟ್ಟು ನಮ್ಮದಲ್ಲ, ತಪ್ಪಾಯಿತು. ಆದರೆ ಆ ಹೊದಿಕೆ ಹೋಟೆಲಿನವರು ಎಸೆದದ್ದು, ಟವೆಲೂ ಅಷ್ಟೇ, ಹೂದಾನಿ ಜಾಮಿನ ಬಾಟಲಿ. ಅಮ್ಮ ಕೋಣೆ ಸಿದ್ಧಮಾಡುವ ಕೆಲಸದಲ್ಲಿದ್ದವಳು, ಅವಳಿಗೆ ಮನೆಯನ್ನು ಬೇರೆ ಥರ ಇಟ್ಟುಕೊಳ್ಳಲು ಬರುವುದಿಲ್ಲ, ಮೊಣಕಾಲು ಹೋಗಿದೆ, ಮಂಚದಿಂದ ಬಚ್ಚಲಿಗೆ ಹೋಗುವುದೇ ಕಷ್ಟ.

ಪರಿಶೀಲಕ ತಾಳ್ಮೆಯಿಂದಲೇ ಕೇಳಿದ. ಆಮೇಲೆ ಕಡತ ತೆರೆದು ಒಂದು ಹಾಳೆಯ ಮೇಲೆ ಬೆರಳಿಟ್ಟ.

"ಇಲ್ಲೇ ಅಲ್ವಾ ನಂಗೆ ಲೆಕ್ಕ ತಪ್ಪೋದು? ನೀವು ಬೆಳಗ್ಗೆ ಎಂಟಕ್ಕೆ ಅಂಗಡಿಗೆ ಹೋಗ್ತೀರಿ, ಸಂಜೆ ಏಳಕ್ಕೆ ಬರ್ತೀರಿ. ಇವರಿಗೆ ನಡೆಯೋಕೆ ಆಗಲ್ಲ ಅಂತೀರಿ. ಹಾಗಿದ್ರೆ ಅವತ್ತು ಮಧ್ಯಾಹ್ನ ನಾನು ಬಂದಾಗ ಮನೆ ಹಾಗಿಟ್ಟಿದ್ದೋರು ಯಾರು? ಕೆಲಸದವರನ್ನ ಇಟ್ಕೊಂಡಿದ್ದೀರಿ, ಅಲ್ವಾ? ಹಾಸಿಗೆ ನೋಡಿದ್ರೇನೇ ಗೊತ್ತಾಗುತ್ತೆ. ಚೆನ್ನಾಗಿ ಪಳಗಿದ ಆಳು ಹಾಸಿದ್ದು ಅದು."

ಮಗಳು ಬಾಯಿ ತೆರೆದಳು. ಮಾತು ಹೊರಡುವ ಮುಂಚೆಯೇ ಹಿಂದಿನಿಂದ ಕುರ್ಚಿ ಕಿರುಗುಟ್ಟಿತು.

"ಆಳಾ?" ಎಂದಳು ಅಮ್ಮ.

ಅವಳು ಎದ್ದು ನಿಂತಿದ್ದಳು. ತೊಡೆಯಡಿಯಿಂದ ತೆಗೆದ ಕೈಗಳ ಮೇಲೆ ಕುರ್ಚಿಯ ಹೆಣಿಗೆಯ ಗುರುತು ಕೆಂಪಗೆ ಮೂಡಿತ್ತು.

"ಅಮ್ಮ, ಕೂತ್ಕೊ."

"ನೀನು ಸುಮ್ನಿರು. ಇಷ್ಟೊತ್ತು ನೀನು ಹೇಳಿದ ಹಾಗೆ ಕೂತಿದ್ನಲ್ಲ? ಏನಾಯ್ತು?" ಅಮ್ಮ ಪರಿಶೀಲಕನ ಕಡೆಗೆ ತಿರುಗಿದಳು. "ಯಾವ ಆಳು ಸಾರ್? ಯಾವ ಆಳು ಬಂದು ನನ್ನ ಹಾಸಿಗೆ ಹಾಸ್ತಾನೆ? ಈ ಕಟ್ಟಡದಲ್ಲಿ ಒಬ್ಬರಿಗಾದ್ರೂ ಬರುತ್ತೇನು ಹಾಗೆ ಹಾಸೋಕೆ? ಮೂಲೆಗೊಂದ್ಸಲ ಕೂತು ಸುಧಾರಿಸ್ಕೊಂಡು, ಮಧ್ಯಾಹ್ನದವರೆಗೆ ನಾನೇ ಹಾಸೋದು. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಬರ್ಬೇಡಿ."

ಅವನು ಯಾಕೋ ಆ ಕಡೆ ನಿಂತ. ಎಷ್ಟೋ ವರ್ಷ ಅತಿಥಿಗಳಿಗೆ ಮರ್ಯಾದೆಯಿಂದ ದಾರಿ ಬಿಡಿ ಎಂದು ಹೇಳಿದ್ದ ಧ್ವನಿ ಅದು, ಯಾರಾದರೂ ಸರಿಯಲೇಬೇಕು.

ಅಮ್ಮ ಗೋಡೆ ಹಿಡಿದು ಮಂಚದ ಬಳಿಗೆ ಬಂದಳು. ಮುದ್ದೆಯಾಗಿದ್ದ ಹೊದಿಕೆಯನ್ನು ಎತ್ತಿಕೊಂಡು, ಅಂಚುಗಳನ್ನು ಬೆರಳಿನಲ್ಲೇ ಹುಡುಕಿ, ಎರಡು ಮೂಲೆ ಹಿಡಿದು ಒಮ್ಮೆ ಮಾತ್ರ ಕೊಡವಿದಳು. ಅದು ಕಿಟಕಿಯ ಬೆಳಕಿನಲ್ಲಿ ಮೇಲಕ್ಕೆ ಹಾರಿ ನಿಂತಿತು. ಬೆಳಕು ಹಾಯ್ದಾಗ ಬಟ್ಟೆಯ ತುಂಬ ತೇಪೆಗಳು ಕಂಡವು. ಸಣ್ಣವು, ದೊಡ್ಡವು, ಒಂದರ ಮೇಲೊಂದು ಹಾಕಿದವು, ಬಿಳಿ ದಾರದಲ್ಲಿ ಇರುವೆಯ ಹೆಜ್ಜೆಯಷ್ಟು ಸಣ್ಣ ಹೊಲಿಗೆ. ಹೊದಿಕೆ ಕೆಳಗಿಳಿದಾಗ ಅವೆಲ್ಲ ಒಳಮೈಗೆ ಹೋಗಿ ಹಾಸಿಗೆ ಬೆಳ್ಳಗೆ ಉಳಿಯಿತು. ನಟ್ಟನಡುವಿನ ಮಡಿಕೆಯ ಗೆರೆ ಹಾಸಿಗೆಯ ನಡುವಿಗೇ ಬಂದು ಬಿದ್ದಿತ್ತು.

ಆಮೇಲೆ ಮೂಲೆಗಳು. ತಲೆಯ ಕಡೆಯ ಮೊದಲ ಮೂಲೆಗೆ ಅವಳು ಮಂಚದ ಮೇಲೆ ಎದೆಯೂರಿ ಬಗ್ಗಿದಳು. ಅಂಚನ್ನು ಎತ್ತಿ ತ್ರಿಕೋನ ಮಾಡಿ ಮೇಲಿಟ್ಟು, ಇಳಿಬಿದ್ದದ್ದನ್ನು ಒಳಗೆ ತಳ್ಳಿ, ತ್ರಿಕೋನವನ್ನು ಕೆಳಗಿಳಿಸಿ, ಅದನ್ನೂ ತಳ್ಳಿ, ಅಂಗೈಯಿಂದ ಒಮ್ಮೆ ಸವರಿದಳು. ಕಾಗದ ಮಡಿಸಿದ ಹಾಗೆ ಮೂಲೆ ನಿಂತಿತು. ಎರಡನೆಯದಕ್ಕೆ ಮಂಚದ ತಲೆಪಟ್ಟಿ ಹಿಡಿದುಕೊಂಡು ಸುತ್ತಿ ಹೋದಳು. ಅವಳ ಮೇಲ್ದುಟಿಯ ಮೇಲೆ ಬೆವರು ಕಾಣಿಸಿತು. ಮಗಳು ಮುಂದೆ ಬಂದಳು. ಅಮ್ಮ ಅವಳ ಕೈಯನ್ನು ನೊಣ ಓಡಿಸಿದ ಹಾಗೆ ಓಡಿಸಿದಳು. ಮೂರನೆಯ ಮೂಲೆಗೆ ಒಂದು ಮೊಣಕಾಲು ನೆಲಕ್ಕೆ ಬಂತು. ಅದು ನೆಲ ಮುಟ್ಟಿದಾಗ ಅವಳ ಬಾಯಿಂದ ಹೊರಟ ಸದ್ದನ್ನು ಮಗಳು ಇಷ್ಟು ಹತ್ತಿರದಿಂದ ಹಿಂದೆಂದೂ ಕೇಳಿರಲಿಲ್ಲ. ಹೋಟೆಲಿನಲ್ಲಿದ್ದಾಗ ಒಂದು ಹಾಸಿಗೆಗೆ ಮೂರು ನಿಮಿಷ ಎಂದು ಲೆಕ್ಕವಿತ್ತಂತೆ. ಇಂದು ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಪರಿಶೀಲಕನಿಗೆ ಇನ್ನೂ ಎಷ್ಟೋ ಮನೆಗಳಿದ್ದವು. ಅವನು ಗಡಿಯಾರ ನೋಡಿಕೊಳ್ಳಲಿಲ್ಲ.

ನಾಲ್ಕನೆಯ ಮೂಲೆಗೆ ಅಮ್ಮ ಎರಡೂ ಮೊಣಕಾಲೂರಿ ಕುಳಿತಳು. ತ್ರಿಕೋನ ಎತ್ತಿದಳು, ತಳ್ಳಿದಳು, ಇಳಿಸಿದಳು, ತಳ್ಳಿದಳು. ಅಂಗೈಯಿಂದ ಸವರಿದಳು. ಮಂಚದ ಅಂಚು ಹಿಡಿದು ಏಳಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ಆಮೇಲೆ ಪ್ರಯತ್ನ ಬಿಟ್ಟು, ಅಲ್ಲೇ ನೆಲದ ಮೇಲಿಂದ ತಲೆಯೆತ್ತಿ ಪರಿಶೀಲಕನನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು, ಧ್ವನಿ ಮಾತ್ರ ಸ್ಥಿರವಾಗಿತ್ತು.

"ನೋಡಿದ್ರಲ್ಲ ಸಾರ್? ಇದಕ್ಕೆ ದುಡ್ಡು ಬೇಕಾಗಿಲ್ಲ. ಮೊಣಕಾಲು ಬೇಕು."

ಅವನು ಕಡತವನ್ನು ನೆಲದ ಮೇಲಿಟ್ಟ. ಒಂದು ಕಡೆಯಿಂದ ಅವನು, ಇನ್ನೊಂದು ಕಡೆಯಿಂದ ಮಗಳು ಕಂಕುಳಿಗೆ ಕೈಕೊಟ್ಟು ಅವಳನ್ನು ಎತ್ತಿದರು. ಮೇಲೇಳುವಾಗ ಮೊಣಕಾಲುಗಳಿಂದ ಸದ್ದು ಬಂತು, ಒಂದಾದ ಮೇಲೆ ಇನ್ನೊಂದರಿಂದ. ಪರಿಶೀಲಕನ ಮುಖ ಸಣ್ಣಗಾಯಿತು. ಕುರ್ಚಿಯವರೆಗೆ ಆರು ಹೆಜ್ಜೆ. ಆ ಆರು ಹೆಜ್ಜೆಗೆ ಅವರು ಮೂವರೂ ನಾಲ್ಕು ಸಲ ನಿಂತರು.

"ದಿನಕ್ಕೆ ಎಷ್ಟು ಕೋಣೆ ಇರ್ತಿತ್ತು?" ಎಂದು ಕೇಳಿದ ಅವನು, ಅವಳು ಕುಳಿತ ಮೇಲೆ.

"ಹದಿನಾರು. ಜನ ಜಾಸ್ತಿ ಇದ್ರೆ ಹದಿನೆಂಟು. ಕೆಲವು ಕೋಣೇಲಿ ಎರಡೆರಡು ಮಂಚ."

"ಮೂವತ್ತೊಂದು ವರ್ಷ."

"ಮಧ್ಯದಲ್ಲಿ ಇವಳು ಹುಟ್ಟಿದಾಗ ಎರಡು ತಿಂಗಳು ಬಿಟ್ಟು."

ಮಗಳು ನೆಲದ ಮೇಲಿನ ಕಡತ ಎತ್ತಿಕೊಟ್ಟಳು. ಕೇಳಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಹೆದರಿ ತುಟಿ ಬಿಗಿಹಿಡಿದಳು. ಅವನು ಪೆನ್ನಿನ ಮುಚ್ಚಳ ತೆಗೆದ. ಹಳೆಯ ವರದಿಯ ಹಾಳೆ ತೆರೆದು, ಮೊದಲ ಸಾಲಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದ. ಇನ್ನೊಂದು ಹಾಳೆ ಹೊರಗೆ ತೆಗೆದ. ಬರೆಯಲು ಕೂರಬೇಕಿತ್ತು. ಸುತ್ತ ನೋಡಿದ. ಇದ್ದ ಒಂದೇ ಕುರ್ಚಿಯಲ್ಲಿ ಅಮ್ಮ ಕುಳಿತಿದ್ದಳು, ಮೇಜಿನ ಮೇಲೆ ಚಿಕ್ಕಮ್ಮನ ಬಟ್ಟೆಗಳ ರಾಶಿ, ಸ್ಟೂಲಿಗೆ ಮೂರೇ ಕಾಲು.

"ಮಂಚದ ಮೇಲೆ ಕೂತ್ಕೊಳ್ಳಿ ಸಾರ್," ಎಂದಳು ಅಮ್ಮ. "ಪರವಾಗಿಲ್ಲ."

ಅವನು ಹಾಸಿಗೆಯನ್ನು ನೋಡಿದ.

"ಇಲ್ಲ, ಬೇಡ. ಇರಲಿ," ಎಂದು ಕಿಟಕಿಯ ಪಕ್ಕದ ಗೋಡೆಗೆ ಕಡತವನ್ನು ಒತ್ತಿಹಿಡಿದು, ಬೆವರಿದ ಬೆನ್ನನ್ನು ಅವರ ಕಡೆಗೆ ಮಾಡಿಕೊಂಡು, ನಿಂತೇ ಬರೆಯತೊಡಗಿದ.